ಸದ್ದಿಲ್ಲದ ಟ್ಯಾಪೆಟ್ ನಂಬಬೇಡಿ: ಬೈಕಿನ ವಾಲ್ವ್ ಗ್ಯಾಪ್ ಅಳೆದು ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಎಂಜಿನ್ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಬಂದರೆ ಎಲ್ಲರಿಗೂ ಗಾಬರಿ. ಸದ್ದು ನಿಂತರೆ ಸಮಾಧಾನ. ನಾನೂ ಹಾಗೇ ಇದ್ದೆ. ನನ್ನ ಮೊದಲ ಬೈಕಿನಲ್ಲಿ ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಸದ್ದು ಜಾಸ್ತಿ ಅನ್ನಿಸಿ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಎಂಜಿನ್ ಇನ್ನೂ ಬಿಸಿ ಇತ್ತು. ಅವರು ಗೇಜ್ ಗೀಜ್ ಏನೂ ಹಿಡಿಯದೆ, ಕೈ ಅಂದಾಜಿನಲ್ಲೇ ಸ್ಕ್ರೂ ಬಿಗಿ ಮಾಡಿ ಕೊಟ್ಟರು. ಬೈಕ್ ಬೆಕ್ಕಿನ ಮರಿ ಹಾಗೆ ಗುರುಗುಟ್ಟುತ್ತಾ ಮನೆಗೆ ಬಂತು. ನನಗೋ ಖುಷಿಯೋ ಖುಷಿ.

ಕೆಲವು ತಿಂಗಳು ಕಳೆಯಿತು. ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಶುರುವಾಯಿತು. ಬಿಸಿಯಾದ ಮೇಲೆ ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. ಏರು ಬಂದರೆ ಏದುಸಿರು. ಕೊನೆಗೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಿಸಿದಾಗ ನೋಡಿದರೆ, ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಇಲಿ ಕಚ್ಚಿ ತಿಂದ ಹಾಗೆ ಒಂದು ಚೂರೇ ಇರಲಿಲ್ಲ. ಸುಟ್ಟು ಹೋಗಿತ್ತು.

ಅವತ್ತು ಗೊತ್ತಾಯಿತು, ಟ್ಯಾಪೆಟ್ ವಿಷಯದಲ್ಲಿ ಕಿವಿ ಹೇಳುವುದು ಅರ್ಧ ಕಥೆ ಮಾತ್ರ. ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್ ಹೆಚ್ಚಾದರೆ ಸದ್ದು ಬರುತ್ತದೆ, ನಾವು ಎಚ್ಚರಾಗುತ್ತೇವೆ. ಗ್ಯಾಪ್ ಕಡಿಮೆಯಾದರೆ ಸದ್ದೇ ಇರುವುದಿಲ್ಲ. ವಾಲ್ವ್ ಸುಡುವುದು ಆಗಲೇ. ಆದ್ದರಿಂದ ಸದ್ದು ಇರಲಿ, ಇಲ್ಲದಿರಲಿ, ಹೊತ್ತು ಹೊತ್ತಿಗೆ ಗೇಜ್ ಹಾಕಿ ಅಳೆಯಲೇಬೇಕು.

ಕೂದಲೆಳೆಯಷ್ಟು ಜಾಗ ಯಾಕೆ ಬೇಕು

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿ ಒಳಗೆ ಬರಲು ಇನ್‌ಟೇಕ್ ವಾಲ್ವ್, ಹೊಗೆ ಹೊರಗೆ ಹೋಗಲು ಎಕ್ಸಾಸ್ಟ್ ವಾಲ್ವ್. ಕ್ಯಾಮ್ ಶಾಫ್ಟಿನ ಉಬ್ಬು ತಿರುಗಿ ಬಂದು ವಾಲ್ವನ್ನು ಕೆಳಗೆ ಒತ್ತುತ್ತದೆ. ಕೆಲವು ಎಂಜಿನ್‌ಗಳಲ್ಲಿ ಈ ಒತ್ತುವ ಕೆಲಸಕ್ಕೆ ನಡುವೆ ರಾಕರ್ ಆರ್ಮ್ ಇರುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗು ವಾಲ್ವನ್ನು ಮೇಲೆ ಎಳೆದು ಸೀಟಿನ (ಹೆಡ್ಡಿನಲ್ಲಿ ವಾಲ್ವ್ ಮುಚ್ಚಿ ಕೂರುವ ಬಳೆಯಂಥ ಜಾಗ) ಮೇಲೆ ಕೂರಿಸುತ್ತದೆ. ವಾಲ್ವ್ ಪೂರ್ತಿ ಮುಚ್ಚಿ ಕೂತಿರುವಾಗ ಅದರ ತುದಿಗೂ ಒತ್ತುವ ಭಾಗಕ್ಕೂ ನಡುವೆ ಉಳಿಯುವ ಚೂರು ಜಾಗವೇ ವಾಲ್ವ್ ಕ್ಲಿಯರೆನ್ಸ್. ಗ್ಯಾರೇಜಿನಲ್ಲಿ ಇದನ್ನೇ ಟ್ಯಾಪೆಟ್ ಗ್ಯಾಪ್ ಅನ್ನುತ್ತಾರೆ.

ಈ ಜಾಗ ಯಾಕೆ ಅಂದರೆ, ಬಿಸಿಯಾದ ಲೋಹ ಬೆಳೆಯುತ್ತದೆ. 100 ಮಿ.ಮೀ. ಉದ್ದದ ಉಕ್ಕಿನ ಸರಳು 100 ಡಿಗ್ರಿ ಬಿಸಿ ಏರಿದರೆ ಸುಮಾರು 0.12 ಮಿ.ಮೀ. ಉದ್ದವಾಗುತ್ತದೆ. ಎಕ್ಸಾಸ್ಟ್ ವಾಲ್ವಿನ ತಲೆಯಂತೂ ಜೋರಾಗಿ ಓಡಿಸುವಾಗ 700 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುತ್ತದೆ. ಸುತ್ತಲಿನ ಅಲ್ಯೂಮಿನಿಯಂ ಹೆಡ್ ಕೂಡ ಹಿಗ್ಗುವುದರಿಂದ ಈ ಬೆಳವಣಿಗೆ ಪೂರ್ತಿ ಗ್ಯಾಪಿನಲ್ಲಿ ಕಾಣಿಸುವುದಿಲ್ಲ. ಆದರೂ ಜಾಗ ಬಿಡದಿದ್ದರೆ ಉದ್ದವಾದ ವಾಲ್ವಿಗೆ ಸೀಟಿನ ಮೇಲೆ ಪೂರ್ತಿ ಕೂರಲು ಆಗುವುದಿಲ್ಲ. ಬಾಗಿಲು ಒಂದು ಕೂದಲಿನಷ್ಟು ತೆರೆದೇ ಉಳಿದ ಹಾಗೆ.

ಆಗ ಆಗುವುದು ಎರಡು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತದೆ, ಅದು ಸಣ್ಣ ತೊಂದರೆ. ದೊಡ್ಡದು ಬಿಸಿಯದ್ದು. ವಾಲ್ವಿನ ತಲೆ ತನ್ನ ಬಿಸಿಯನ್ನು ಹೆಚ್ಚಾಗಿ ದಾಟಿಸುವುದು ಸೀಟಿಗೆ ತಾಗಿ ಕೂತಿರುವ ಗಳಿಗೆಯಲ್ಲಿ. ಸೀಟಿಗೆ ತಾಗದಿದ್ದರೆ ಬಿಸಿ ಹೋಗಲು ದಾರಿ ಇಲ್ಲ. ಸಾಲದ್ದಕ್ಕೆ ಆ ಸಂದಿಯಲ್ಲೇ ಉರಿಯುವ ಗ್ಯಾಸು ನುಗ್ಗುತ್ತದೆ. ಗ್ಯಾಸ್ ಕಟ್ಟರ್ ಹಿಡಿದ ಹಾಗೆ ಅಂಚು ಸುಡುತ್ತದೆ. ಇನ್‌ಟೇಕ್ ವಾಲ್ವಿಗೆ ಹೊರಗಿನ ಗಾಳಿಯ ತಂಪು ಸಿಗುತ್ತದೆ, ಅದು ಬಚಾವ್. ಎಕ್ಸಾಸ್ಟಿಗೆ ಆ ಭಾಗ್ಯ ಇಲ್ಲ. ಎಕ್ಸಾಸ್ಟ್ ಗ್ಯಾಪ್ ಸಾಮಾನ್ಯವಾಗಿ ಇನ್‌ಟೇಕಿಗಿಂತ ಜಾಸ್ತಿ ಇಟ್ಟಿರುವುದು ಇದಕ್ಕೇ.

ಗ್ಯಾಪ್ ಹೆಚ್ಚಾದರೂ ಒಳ್ಳೆಯದಲ್ಲ. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಪೂರ್ತಿ ತೆರೆಯುವುದೂ ಇಲ್ಲ. ಪಿಕಪ್ ಮಂಕಾಗುತ್ತದೆ. ರಾಕರ್ ತುದಿ ಸುತ್ತಿಗೆಯಂತೆ ಬಡಿಯುತ್ತದೆ. 6,000 ಆರ್‌ಪಿಎಂನಲ್ಲಿ ಒಂದು ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಅಂದರೆ ಗಂಟೆಗೆ 1,80,000 ಪೆಟ್ಟು. ಆದರೂ ಬಡಿತದಿಂದ ಹಾಳಾಗಲು ತುಂಬಾ ಕಾಲ ಬೇಕು, ಸುಡಲು ಅಷ್ಟು ಬೇಕಿಲ್ಲ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ನಾನು ಸದ್ದು ಮಾಡುವ ಟ್ಯಾಪೆಟ್ಟನ್ನೇ ಆರಿಸುತ್ತೇನೆ.

ಇನ್ನೊಂದು ಮಾತು. ಸವೆದರೆ ಗ್ಯಾಪ್ ದೊಡ್ಡದಾಗಬೇಕು ಅಲ್ವಾ, ಕಡಿಮೆ ಹೇಗೆ ಆಗುತ್ತದೆ ಎಂದು ಎಷ್ಟೋ ಜನ ಕೇಳುತ್ತಾರೆ. ಸವೆತ ಎರಡು ಕಡೆ ಇದೆ. ರಾಕರ್, ಕ್ಯಾಮ್, ಸ್ಕ್ರೂ ತುದಿ ಸವೆದರೆ ಗ್ಯಾಪ್ ಹೆಚ್ಚುತ್ತದೆ. ವಾಲ್ವಿನ ಅಂಚು ಮತ್ತು ಸೀಟು ಸವೆದರೆ ವಾಲ್ವ್ ಹೆಡ್ಡಿನೊಳಗೆ ಇನ್ನಷ್ಟು ಮೇಲೆ ಹೋಗಿ ಕೂರುತ್ತದೆ, ಅದರ ತುದಿ ರಾಕರ್ ಹತ್ತಿರ ಬರುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. ಶಿಮ್ (ಗ್ಯಾಪ್ ಹೊಂದಿಸುವ ಬಿಲ್ಲೆ) ಇರುವ ಎಂಜಿನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದೇ.

ನಿಮ್ಮ ಎಂಜಿನ್ ಯಾವ ಬಗೆಯದು

ಕೆಲಸ ಶುರು ಮಾಡುವ ಮೊದಲು ಇದು ತಿಳಿದಿರಬೇಕು. ಇಲ್ಲದಿದ್ದರೆ ಸುಮ್ನೆ ಟ್ಯಾಂಕ್ ಬಿಚ್ಚಿ ಪೆಚ್ಚಾಗಿ ಕೂರಬೇಕಾಗುತ್ತದೆ.

ಸಣ್ಣ ಏರ್ ಕೂಲ್ಡ್ ಬೈಕುಗಳಲ್ಲಿ ಹೆಚ್ಚಾಗಿ ಇರುವುದು ಸ್ಕ್ರೂ ಮತ್ತು ಲಾಕ್ ನಟ್ ಬಗೆ. ರಾಕರ್ ತುದಿಯಲ್ಲಿ ಒಂದು ಸ್ಕ್ರೂ, ಅದನ್ನು ಹಿಡಿದಿಡಲು ಒಂದು ನಟ್ಟು. ಮನೆಯಲ್ಲೇ ಮಾಡಬಹುದು. ಕೆಳಗಿನ ಹಂತಗಳು ಮುಖ್ಯವಾಗಿ ಇದಕ್ಕೇ.

ಎರಡು ಕ್ಯಾಮ್ ಶಾಫ್ಟ್ ಇರುವ ಬಹಳಷ್ಟು ಎಂಜಿನ್‌ಗಳಲ್ಲಿ ಶಿಮ್ ಇರುತ್ತದೆ. ಶಿಮ್ ಅಂದರೆ ಗುಂಡಿಯಂಥ ಪುಟ್ಟ ಉಕ್ಕಿನ ಬಿಲ್ಲೆ. ಅದರ ದಪ್ಪ ಬದಲಿಸಿ ಗ್ಯಾಪ್ ಸರಿ ಮಾಡಬೇಕು. ಅಳೆಯುವುದು ಸುಲಭ, ಬದಲಿಸಲು ಸಾಮಾನ್ಯವಾಗಿ ಕ್ಯಾಮ್ ಬಿಚ್ಚಬೇಕು.

ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಆಯಿಲ್ ಒತ್ತಡವೇ ಗ್ಯಾಪ್ ಸರಿದೂಗಿಸುತ್ತದೆ. ಹಾರ್ಲೆ ಡೇವಿಡ್‌ಸನ್ನಿನ ದೊಡ್ಡ ಎರಡು ಸಿಲಿಂಡರ್ ಎಂಜಿನ್‌ಗಳಲ್ಲಿ ಇದು 1948ರಿಂದಲೇ ಇದೆ. ರಾಯಲ್ ಎನ್‌ಫೀಲ್ಡಿನ ಯುಸಿಇ (ಯೂನಿಟ್ ಕನ್‌ಸ್ಟ್ರಕ್ಷನ್) ಎಂಜಿನ್ನಿನಲ್ಲೂ ಇದೇ. ಅಂಥ ಬೈಕ್ ನಿಮ್ಮದಾದರೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ, ಅಷ್ಟು ಸಾಕು. ಇನ್ನು ಡುಕಾಟಿಯ ಡೆಸ್ಮೊ ಎಂಜಿನ್ನಿನಲ್ಲಿ ವಾಲ್ವ್ ಮುಚ್ಚುವ ಕೆಲಸಕ್ಕೂ ಬೇರೆ ರಾಕರ್ ಇದೆ. ತೆರೆಯುವ ಗ್ಯಾಪ್ ಒಂದು, ಮುಚ್ಚುವ ಗ್ಯಾಪ್ ಇನ್ನೊಂದು. ಮೊದಲ ಪ್ರಯತ್ನಕ್ಕೆ ಅದನ್ನು ಮುಟ್ಟಲು ಹೋಗಬೇಡಿ.

ಯಾವಾಗ ನೋಡಬೇಕು

ನಿಮ್ಮ ಬೈಕಿನ ಮ್ಯಾನ್ಯುಯಲ್ಲಿನಲ್ಲಿ ಬರೆದಿರುವುದೇ ಅಂತಿಮ. ಎಂಜಿನ್ನಿನಿಂದ ಎಂಜಿನ್ನಿಗೆ ಅಂತರ ತುಂಬಾ ಇದೆ. ಸ್ಕ್ರೂ ಬಗೆಯ ಸಣ್ಣ ಎಂಜಿನ್‌ಗಳಿಗೆ ಕೆಲವೇ ಸಾವಿರ ಕಿ.ಮೀ.ಗೆ ಒಮ್ಮೆ ನೋಡಲು ಹೇಳಿರುತ್ತಾರೆ. ಯಮಹಾದ ಹಲವು ನಾಲ್ಕು ಸಿಲಿಂಡರ್ ಶಿಮ್ ಎಂಜಿನ್‌ಗಳಿಗೆ 40,000 ಕಿ.ಮೀ. ಆಸುಪಾಸು. ಡುಕಾಟಿ ತನ್ನ ಮಲ್ಟಿಸ್ಟ್ರಾಡಾ ವಿ4ರಲ್ಲಿ ಡೆಸ್ಮೊ ಬಿಟ್ಟು ಸ್ಪ್ರಿಂಗಿಗೆ ಬಂದ ಮೇಲೆ ಈ ಅಂತರ 60,000 ಕಿ.ಮೀ. ಆಯಿತು. ಕಚ್ಚಾ ರಸ್ತೆಯ ರೇಸ್ ಬೈಕುಗಳ ಲೆಕ್ಕವೇ ಬೇರೆ, ಅವಕ್ಕೆ ಕಿ.ಮೀ. ಬದಲು ಗಂಟೆಗಳಲ್ಲಿ ಹೇಳುತ್ತಾರೆ.

ಹೊಸ ಬೈಕಿನ ಮೊದಲ ತಪಾಸಣೆ ತಪ್ಪಿಸಬೇಡಿ. ಹೊಸ ವಾಲ್ವ್, ಹೊಸ ಸೀಟು ಒಂದಕ್ಕೊಂದು ಹೊಂದಿಕೊಳ್ಳುವ ಮೊದಲ ದಿನಗಳಲ್ಲೇ ಗ್ಯಾಪ್ ಬೇಗ ಬದಲಾಗುತ್ತದೆ. ಹೆಡ್ ಕೆಲಸ ಮಾಡಿಸಿದ ಮೇಲೂ ಹಾಗೇ.

ಮ್ಯಾನ್ಯುಯಲ್ ಹೇಳಿದ ಹೊತ್ತು ಬರುವ ಮೊದಲೇ ನೋಡಬೇಕಾದ ಸೂಚನೆಗಳೂ ಇವೆ. ತಣ್ಣಗಿರುವಾಗ ಸ್ಟಾರ್ಟ್ ಆಗಲು ಒದ್ದಾಟ. ಬಿಸಿಯಾದಷ್ಟೂ ಐಡ್ಲಿಂಗ್ ಏರುಪೇರು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಸದ್ದು. ಕಿಕ್ ಹೊಡೆದರೆ ಮೊದಲಿನಷ್ಟು ಒತ್ತಡ ಇಲ್ಲದಿರುವುದು. ಇವಕ್ಕೆಲ್ಲ ಬೇರೆ ಕಾರಣಗಳೂ ಇರಬಹುದು. ಆದರೆ ಕಾರ್ಬ್ಯುರೇಟರ್ ಬಿಚ್ಚಿ ಎಲ್ಲ ಜೆಟ್ ತೊಳೆದು ಸುಸ್ತಾಗುವ ಮೊದಲು ಟ್ಯಾಪೆಟ್ ನೋಡಿ. ಯಾವತ್ತೂ ಟಿಕ್ ಟಿಕ್ ಅನ್ನುತ್ತಿದ್ದ ಎಂಜಿನ್ ತಾನಾಗಿಯೇ ಮೆತ್ತಗಾದರೆ ಅದನ್ನೂ ಸೂಚನೆ ಅಂತಲೇ ತಿಳಿಯಿರಿ.

ಬೇಕಾದ ಸಾಮಾನು

ಮೊದಲನೆಯದು ಫೀಲರ್ ಗೇಜ್, ಚಾಕುವಿನ ಹಾಗೆ ಮಡಚುವ ತೆಳು ಬ್ಲೇಡುಗಳ ಕಟ್ಟು. ಕೊಳ್ಳುವಾಗ 0.04 ಅಥವಾ 0.05 ಮಿ.ಮೀ.ನಿಂದ ಶುರುವಾಗಿ 0.30 ಮಿ.ಮೀ.ವರೆಗೆ ಇದೆಯೇ ನೋಡಿ. ಕಾರಿಗೆಂದು ಮಾಡಿದ ಕೆಲವು ಕಟ್ಟುಗಳಲ್ಲಿ ತೆಳು ಬ್ಲೇಡೇ ಇರುವುದಿಲ್ಲ. ತುದಿ ಬಾಗಿದ ಬ್ಲೇಡು ಸಿಕ್ಕರೆ ಇನ್ನೂ ಒಳ್ಳೆಯದು, ಹೆಡ್ಡಿನ ಇಕ್ಕಟ್ಟಿನಲ್ಲಿ ನೇರ ಬ್ಲೇಡು ಒಳಗೆ ಹೋಗುವುದೇ ಕಷ್ಟ.

ಉಳಿದದ್ದು: ಲಾಕ್ ನಟ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್, ಟ್ಯಾಪೆಟ್ ಸ್ಕ್ರೂ ಹಿಡಿಯುವ ಪುಟ್ಟ ಟೂಲ್ (ಹೆಚ್ಚಿನವಕ್ಕೆ ಚೌಕ ತಲೆ ಇರುತ್ತದೆ), ಪ್ಲಗ್ ಸ್ಪ್ಯಾನರ್, ಕ್ರ್ಯಾಂಕ್ (ಪಿಸ್ಟನ್ನನ್ನು ಮೇಲೆ ಕೆಳಗೆ ಓಡಿಸುವ ಶಾಫ್ಟು) ತಿರುಗಿಸಲು ಸಾಕೆಟ್, ಕವರ್ ಬಿಚ್ಚಲು ಅಗಲ ಬಾಯಿಯ ಸ್ಕ್ರೂಡ್ರೈವರ್, ಟಾರ್ಚು, ನೂಲು ಬಿಡದ ಶುಭ್ರ ಬಟ್ಟೆ. ಟ್ಯಾಪೆಟ್ ಕವರಿನ ಹೊಸ ಓ-ರಿಂಗ್ ಮೊದಲೇ ತಂದಿಟ್ಟುಕೊಳ್ಳಿ. ಹಳೆಯದು ಗಟ್ಟಿಯಾಗಿ ಸಪಾಟಾಗಿದ್ದರೆ ಆಯಿಲ್ ಸೋರುವುದು ಖಂಡಿತ. ಟಾರ್ಕ್ ರೆಂಚ್ (ಬಿಗಿ ಎಷ್ಟೆಂದು ಅಳೆದು ಹಾಕುವ ಸ್ಪ್ಯಾನರ್) ಇದ್ದರೆ ಒಳ್ಳೆಯದು, ಶಿಮ್ ಬಗೆಗಂತೂ ಇರಲೇಬೇಕು.

ಇದೆಲ್ಲಕ್ಕಿಂತ ಮೊದಲು ಬೇಕಾದದ್ದು ನಿಮ್ಮದೇ ಮಾಡೆಲ್ಲಿನ, ನಿಮ್ಮದೇ ವರ್ಷದ ಗ್ಯಾಪ್ ಅಂಕಿ. ಸಣ್ಣ ಎಂಜಿನ್‌ಗಳಲ್ಲಿ ಇನ್‌ಟೇಕ್ 0.05ರಿಂದ 0.10 ಮಿ.ಮೀ., ಎಕ್ಸಾಸ್ಟ್ ಅದಕ್ಕಿಂತ ಸ್ವಲ್ಪ ಹೆಚ್ಚು ಇರುವುದು ಸಾಮಾನ್ಯ. ಆದರೆ ಇದನ್ನೇ ನಂಬಿ ಕೆಲಸ ಮಾಡಬೇಡಿ. ಗೆಳೆಯನ ಬೈಕಿನ ಅಂಕಿಯನ್ನೂ ನಂಬಬೇಡಿ.

ಹಂತ 1: ಎಂಜಿನ್ ತಣ್ಣಗಾಗಲಿ

ಈ ಅಂಕಿಗಳು ತಣ್ಣನೆಯ ಎಂಜಿನ್ನಿನವು. ಹೋಂಡಾ ಮ್ಯಾನ್ಯುಯಲ್‌ಗಳಲ್ಲಿ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇರಬೇಕು ಎಂದೇ ಬರೆದಿರುತ್ತದೆ. ಹೊರಗೆ ಮುಟ್ಟಿದರೆ ತಣ್ಣಗಿದೆ ಅನ್ನಿಸಿದರೂ ಒಳಗೆ ಬಿಸಿ ಉಳಿದಿರುತ್ತದೆ. ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೆಲಸಕ್ಕೆ ಕೂರುವುದು ಉತ್ತಮ. ನನ್ನ ವಾಲ್ವ್ ಸುಟ್ಟಿದ್ದಕ್ಕೆ ಅರ್ಧ ಕಾರಣ ಈ ಹಂತ ಬಿಟ್ಟಿದ್ದೇ.

ಹಂತ 2: ದಾರಿ ಮಾಡಿಕೊಳ್ಳಿ

ಬೈಕನ್ನು ಸೆಂಟರ್ ಸ್ಟ್ಯಾಂಡ್ ಅಥವಾ ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ್ದರೆ ಪಕ್ಕದ ಕವರ್ ತೆಗೆದಾಗ ಆಯಿಲ್ ಸುರಿಯಬಹುದು. ಇಗ್ನಿಷನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿರಲಿ.

ಟ್ಯಾಂಕ್ ಅಡ್ಡ ಬಂದರೆ ತೆಗೆಯಬೇಕು. ಹಳೆಯ ಬೈಕಿನಲ್ಲಿ ಪೆಟ್ರೋಲ್ ಕಾಕ್ ಮುಚ್ಚಿ ಪೈಪ್ ಬಿಡಿಸಿ. ಇಂಜೆಕ್ಷನ್ ಬೈಕಿನ ಪೈಪಿನಲ್ಲಿ ಒತ್ತಡ ಇರುತ್ತದೆ. ಬಟ್ಟೆ ಸುತ್ತಿ, ಮುಖ ದೂರ ಇಟ್ಟು, ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲೇ ಬಿಡಿಸಿ. ಹತ್ತಿರದಲ್ಲಿ ಬೆಂಕಿ ಬೇಡ.

ಈಗ ಪ್ಲಗ್ ಸುತ್ತ, ಟ್ಯಾಪೆಟ್ ಕವರ್ ಸುತ್ತ ಕೂತಿರುವ ದೂಳು, ಮರಳು ಎಲ್ಲ ಊದಿ ಒರೆಸಿ. ಬೇಸರದ ಕೆಲಸ, ಆದರೆ ಒಂದು ಮರಳಿನ ಕಾಳು ಪ್ಲಗ್ ತೂತಿನಿಂದ ಒಳಗೆ ಬಿದ್ದರೆ ಸಿಲಿಂಡರ್ ಗೀಚಿ ಹೋಗುತ್ತದೆ. ಆಮೇಲೆ ಪ್ಲಗ್ ಬಿಚ್ಚಿ. ಪ್ಲಗ್ ಇಲ್ಲದಿದ್ದರೆ ಕಂಪ್ರೆಷನ್ ತಡೆ ಇರುವುದಿಲ್ಲ, ಎಂಜಿನ್ ಕೈಗೆ ಹಗುರವಾಗಿ ತಿರುಗುತ್ತದೆ. ಟ್ಯಾಪೆಟ್ ಕವರುಗಳನ್ನೂ ತೆಗೆಯಿರಿ.

ಹಂತ 3: ಟಿಡಿಸಿ ಹುಡುಕಿ

ಹೊಸಬರು ಎಡವುವುದು ಇಲ್ಲೇ. ಪಿಸ್ಟನ್ ಪೂರ್ತಿ ಮೇಲಿರಬೇಕು, ಜೊತೆಗೆ ಎರಡೂ ವಾಲ್ವ್ ಮುಚ್ಚಿರಬೇಕು. ಈ ಸ್ಥಿತಿಗೆ ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿ (ಟಾಪ್ ಡೆಡ್ ಸೆಂಟರ್) ಎನ್ನುತ್ತಾರೆ. ಫೋರ್ ಸ್ಟ್ರೋಕಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಂದು ಸಲ ಕಂಪ್ರೆಷನ್ನಿಗೆ, ಇನ್ನೊಂದು ಸಲ ಹೊಗೆ ದೂಡಲು. ಎರಡನೆಯದರಲ್ಲಿ ಎಕ್ಸಾಸ್ಟ್ ಮುಚ್ಚುತ್ತಾ, ಇನ್‌ಟೇಕ್ ತೆರೆಯುತ್ತಾ ಇರುತ್ತದೆ. ಆಗ ಗ್ಯಾಪೇ ಇರುವುದಿಲ್ಲ. ಅದನ್ನು ನೋಡಿ 'ಅಯ್ಯೋ, ಎರಡೂ ಬಿಗಿ' ಎಂದು ಸ್ಕ್ರೂ ಸಡಿಲಿಸಿದರೆ ಕೆಲಸ ಕೆಟ್ಟಿತು.

ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯಲ್ಲಿ ಕರೆಂಟ್ ಹುಟ್ಟಿಸುವ ಚಕ್ರ) ಕವರಿನ ಮೇಲೆ ಸಾಮಾನ್ಯವಾಗಿ ಎರಡು ಮುಚ್ಚಳ ಇರುತ್ತವೆ. ನಡುವಿನದರ ಒಳಗೆ ಕ್ರ್ಯಾಂಕ್ ನಟ್ಟು ಅಥವಾ ಬೋಲ್ಟು. ಮೇಲಿನ ಸಣ್ಣದರಲ್ಲಿ ಟೈಮಿಂಗ್ ಗುರುತು. ಸಾಕೆಟ್ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ. ಇನ್‌ಟೇಕ್ ರಾಕರ್ ಮೇಲೆ ಕಣ್ಣಿಡಿ. ಅದು ಕೆಳಗೆ ಹೋಗಿ ಮತ್ತೆ ಮೇಲೆ ಬಂದ ನಂತರ ಸಿಗುವ ಮೊದಲ 'ಟಿ' ಗುರುತೇ ನಮಗೆ ಬೇಕಾದದ್ದು. ಮ್ಯಾಗ್ನೆಟ್ಟಿನ 'ಟಿ' ಗೆರೆ ಕವರಿನ ಕಚ್ಚಿಗೆ ಸರಿಯಾಗಿ ಹೊಂದಬೇಕು. ಪಕ್ಕದಲ್ಲೇ 'ಎಫ್' ಗುರುತೂ ಇರಬಹುದು. ಅದು ಕಿಡಿ ಹಾರುವ ಜಾಗ, ಅದಕ್ಕೆ ಮೋಸಹೋಗಬೇಡಿ.

ಖಾತ್ರಿ ಮಾಡಿಕೊಳ್ಳಲು ಎರಡೂ ರಾಕರ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಚೂರೇ ಚೂರು ಆಟ ಸಿಗಬೇಕು. ಎರಡೂ ಬಿಗಿ ಇದ್ದರೆ ಒಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ 'ಟಿ'ಗೆ ತನ್ನಿ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೂ ಗೊತ್ತಾಗುತ್ತದೆ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಗಾಳಿ ಬೆರಳನ್ನು ದೂಡುತ್ತದೆ.

ಗುರುತು ದಾಟಿ ಮುಂದೆ ಹೋದರೆ ಹಿಂದಕ್ಕೆ ತಿರುಗಿಸುವ ಆಸೆ ಬೇಡ. ಕೆಲವು ಎಂಜಿನ್‌ಗಳಲ್ಲಿ ಸ್ಟಾರ್ಟಿಂಗ್ ಸುಲಭವಾಗಲು ಡಿಕಂಪ್ರೆಸರ್ ಇರುತ್ತದೆ. ಹಿಂದೆ ತಿರುಗಿಸಿದರೆ ಅದು ಎಕ್ಸಾಸ್ಟ್ ವಾಲ್ವನ್ನು ಎತ್ತಿ ಹಿಡಿಯಬಹುದು, ಆಗ ಸುಳ್ಳು ಅಳತೆ ಸಿಗುತ್ತದೆ. ಇನ್ನೆರಡು ಸುತ್ತು ಮುಂದಕ್ಕೇ ತಿರುಗಿಸಿ ಬನ್ನಿ.

ಒಂದಕ್ಕಿಂತ ಹೆಚ್ಚು ಸಿಲಿಂಡರ್ ಇದ್ದರೆ ಪ್ರತಿಯೊಂದಕ್ಕೂ ಅದರದೇ ಟಿಡಿಸಿ.

ಹಂತ 4: ಅಳೆಯಿರಿ, ಬರೆಯಿರಿ

ಸ್ಪ್ಯಾನರ್ ಮುಟ್ಟುವ ಮೊದಲು ಈಗಿರುವ ಗ್ಯಾಪ್ ಅಳೆದು ಬರೆದುಕೊಳ್ಳಿ. ಹೆಚ್ಚಿನವರು ನೇರ ಸ್ಕ್ರೂಗೆ ಕೈ ಹಾಕುತ್ತಾರೆ. ಮೊದಲಿನ ಅಂಕಿ ಇಲ್ಲದೆ ಸವೆತ ಯಾವ ಕಡೆ ಹೋಗುತ್ತಿದೆ ಎಂದು ತಿಳಿಯುವುದೇ ಇಲ್ಲ.

ಬ್ಲೇಡಿಗೆ ಚೂರು ಆಯಿಲ್ ಸವರಿ, ಸ್ಕ್ರೂ ತುದಿಗೂ ವಾಲ್ವ್ ತುದಿಗೂ ನಡುವೆ ನೇರವಾಗಿ ತೂರಿಸಿ. ಓರೆಯಾದರೆ ಸುಳ್ಳು ಹೇಳುತ್ತದೆ. ಬಿಗಿ ಎಷ್ಟಿರಬೇಕು? ದಪ್ಪ ಪುಸ್ತಕದ ನಡುವೆ ಇಟ್ಟ ಬಿಡಿ ಹಾಳೆ ಎಳೆದಾಗ ಕೈಗೆ ಆಗುವಷ್ಟು ತಡೆ. ಹಾಳೆ ಬರುತ್ತದೆ, ಆದರೆ ಜಾರಿ ಬೀಳುವುದಿಲ್ಲ. ಈ ಹದ ಒಬ್ಬೊಬ್ಬರ ಕೈಗೆ ಒಂದೊಂದು ಥರ. ಹಾಗಾಗಿ ನಾನು ನಂಬುವುದು ಎರಡು ಬ್ಲೇಡಿನ ವಿಧಾನವನ್ನು. ಉದಾಹರಣೆಗೆ 0.08 ಹೋಗಬೇಕು, 0.10 ಹೋಗಬಾರದು. ಆಗ ಗ್ಯಾಪ್ ಇವೆರಡರ ನಡುವೆ ಇದೆ ಅಂತ ಖಚಿತ. ಹೋಗದ ಬ್ಲೇಡನ್ನು ತುರುಕಬೇಡಿ. ಸ್ಪ್ರಿಂಗ್ ಸ್ವಲ್ಪ ಬಿಟ್ಟುಕೊಟ್ಟು ಬ್ಲೇಡ್ ಒಳಗೆ ನುಗ್ಗಿದರೂ ಆ ಅಳತೆಗೆ ಅರ್ಥವಿಲ್ಲ.

ತುಂಬಾ ಓಡಿದ ಎಂಜಿನ್ನಿನಲ್ಲಿ ಇನ್ನೊಂದು ಮೋಸ ಇದೆ. ಸ್ಕ್ರೂ ತುದಿ ಬಡಿದು ಬಡಿದು ಗುಳಿ ಬಿದ್ದಿರುತ್ತದೆ. ಚಪ್ಪಟೆ ಬ್ಲೇಡು ಗುಳಿಯ ಅಂಚುಗಳ ಮೇಲೆ ಸೇತುವೆಯಂತೆ ಕೂರುತ್ತದೆ. ಗೇಜಿನಲ್ಲಿ ಸರಿ ತೋರಿಸಿದರೂ ನಿಜವಾದ ಗ್ಯಾಪ್ ಜಾಸ್ತಿ ಇರುತ್ತದೆ, ಸದ್ದು ಹೋಗುವುದಿಲ್ಲ. 'ಎಷ್ಟು ಸೆಟ್ಟಿಂಗ್ ಮಾಡಿದರೂ ಸದ್ದು ನಿಲ್ಲುತ್ತಿಲ್ಲ' ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದು. ಅಂಥ ಸ್ಕ್ರೂ ಬದಲಿಸಿ. ಸದ್ದು ನಿಲ್ಲಿಸಲು ಗ್ಯಾಪ್ ಕಡಿಮೆ ಮಾಡಬೇಡಿ.

ಹಂತ 5: ಸರಿಪಡಿಸಿ

ಅಳತೆ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೇ ಇದ್ದರೆ ಮುಟ್ಟಬೇಡಿ. ಕೈ ತುರಿಸುತ್ತದೆ, ಗೊತ್ತು. ಆದರೂ ಬೇಡ.

ಹೊರಗಿದ್ದರೆ, ರಿಂಗ್ ಸ್ಪ್ಯಾನರಿನಿಂದ ಲಾಕ್ ನಟ್ ಅರ್ಧ ಸುತ್ತು ಸಡಿಲಿಸಿ. ಸರಿಯಾದ ಬ್ಲೇಡನ್ನು ನಡುವೆ ಇಟ್ಟು ಸ್ಕ್ರೂ ಮೆಲ್ಲಗೆ ತಿರುಗಿಸಿ. ಎಷ್ಟು ಮೆಲ್ಲಗೆ? ಸ್ಕ್ರೂ ಪಿಚ್ 0.5 ಮಿ.ಮೀ. ಇದ್ದರೆ ಒಂದು ಪೂರ್ತಿ ಸುತ್ತಿಗೆ ಗ್ಯಾಪ್ 0.5 ಮಿ.ಮೀ. ಬದಲಾಗುತ್ತದೆ. ಗಡಿಯಾರದ ಮುಳ್ಳು ಒಂದು ಅಂಕಿಯಿಂದ ಮುಂದಿನ ಅಂಕಿಗೆ ಹೋಗುವಷ್ಟು ತಿರುಗಿಸಿದರೂ 0.04 ಮಿ.ಮೀ. ಹತ್ತಿರ ಬದಲಾಯಿತು. ನಮ್ಮ ಇಡೀ ಗ್ಯಾಪಿನಲ್ಲಿ ಅರ್ಧ ಅಂದರೆ ಅಷ್ಟೇ! ಅಂದಾಜಿನಲ್ಲಿ ಬಿಗಿ ಮಾಡುವವರು ಎಷ್ಟು ತಪ್ಪಬಹುದು ಎಂದು ಇದರಿಂದ ಲೆಕ್ಕ ಹಾಕಿ.

ಹದ ಸಿಕ್ಕ ಮೇಲೆ ಸ್ಕ್ರೂ ಅಲ್ಲಾಡದಂತೆ ಟೂಲಿನಲ್ಲಿ ಹಿಡಿದು ಲಾಕ್ ನಟ್ ಬಿಗಿ ಮಾಡಿ. ನಟ್ಟು ಪುಟ್ಟದು, ಉದ್ದ ಸ್ಪ್ಯಾನರಿನಲ್ಲಿ ಜೋರು ಹಾಕಿದರೆ ಥ್ರೆಡ್ ಕಿತ್ತು ಬರುತ್ತದೆ. ಸಡಿಲ ಬಿಟ್ಟರೆ ಓಡುವಾಗ ಬಿಚ್ಚಿಕೊಳ್ಳುತ್ತದೆ. ಮ್ಯಾನ್ಯುಯಲ್ ಹೇಳಿದ ಟಾರ್ಕ್ ನೋಡಿ ಹಾಕುವುದು ಇದಕ್ಕೇ. ನಟ್ಟು ಬಿಗಿಯಾಗುವಾಗ ಸ್ಕ್ರೂ ಚೂರು ತಿರುಗುತ್ತದೆ ಅಥವಾ ಮೇಲೆ ಎಳೆದುಕೊಳ್ಳುತ್ತದೆ, ಗ್ಯಾಪ್ ಬದಲಾಗುತ್ತದೆ. ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಮೊದಲ ಸಲ ಮಾಡುವಾಗ ಒಂದೊಂದು ವಾಲ್ವಿಗೆ ನಾಲ್ಕೈದು ಪ್ರಯತ್ನ ಬೇಕಾಗುತ್ತದೆ. ನನಗೂ ಬೇಕಾಗಿತ್ತು.

ಎರಡೂ ಆದ ಮೇಲೆ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಕಂಪ್ರೆಷನ್ ಟಿಡಿಸಿಗೆ ತಂದು ಇನ್ನೊಮ್ಮೆ ನೋಡಿ. ಆಗಲೂ ಅದೇ ಅಂಕಿ ಬಂದರೆ ಮುಚ್ಚಬಹುದು.

ಶಿಮ್ ಇದ್ದರೆ

ಅಳೆಯುವ ತನಕ ಹೆಚ್ಚು ಕಡಿಮೆ ಇದೇ ದಾರಿ. ಹೆಡ್ ಕವರ್ ಪೂರ್ತಿ ತೆಗೆಯಬೇಕು, ಕ್ಯಾಮಿನ ಉಬ್ಬು ಬಕೆಟ್ಟಿನಿಂದ (ವಾಲ್ವ್ ತುದಿಯ ಮೇಲೆ ಕವುಚಿ ಕೂತ ಲೋಟದಂಥ ಭಾಗ) ಆಚೆ ನೋಡುತ್ತಿರುವಾಗ ಕ್ಯಾಮಿಗೂ ಬಕೆಟ್ಟಿಗೂ ನಡುವೆ ಬ್ಲೇಡ್ ಹಾಕಬೇಕು. ಪ್ರತಿ ವಾಲ್ವಿನ ಅಂಕಿಯನ್ನು ಹೆಡ್ಡಿನ ಚಿತ್ರ ಬರೆದು ಅದರ ಮೇಲೆ ಗುರುತು ಹಾಕಿಕೊಳ್ಳಿ.

ಎಲ್ಲ ಮಿತಿಯೊಳಗಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಕ್ಯಾಮ್ ಬಿಚ್ಚಬೇಕು. ನಿಜ ಹೇಳಬೇಕೆಂದರೆ ಒಂಟಿಯಾಗಿ ಮೊದಲ ಸಲ ಮಾಡುವ ಕೆಲಸ ಅಲ್ಲ ಇದು, ಗೊತ್ತಿದ್ದವರು ಪಕ್ಕದಲ್ಲಿರಲಿ. ಮೊದಲು ಚೈನಿಗೂ ಸ್ಪ್ರಾಕೆಟ್ಟಿಗೂ ಪೇಂಟಿನಿಂದ ಗುರುತು ಮಾಡಿ, ಫೋಟೋ ತೆಗೆಯಿರಿ. ಚೈನ್ ಟೆನ್ಷನರ್ ತೆಗೆದ ಮೇಲೆ ಕ್ಯಾಮ್ ಚೈನನ್ನು ತಂತಿಯಲ್ಲಿ ಕಟ್ಟಿ ಮೇಲೆ ಹಿಡಿದಿಡಿ. ಕೆಳಗೆ ಬಿದ್ದರೆ ಮೀನು ಹಿಡಿಯುವ ಹಾಗೆ ಗಾಳ ಹಾಕಬೇಕಾಗುತ್ತದೆ. ಚೈನ್ ಹೋಗುವ ಬಾವಿಗೆ ಬಟ್ಟೆ ತುರುಕಿ. ಕ್ಯಾಮ್ ಹೋಲ್ಡರ್ ಬೋಲ್ಟುಗಳನ್ನು ಮ್ಯಾನ್ಯುಯಲ್ ಕ್ರಮದಲ್ಲೇ, ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಬಕೆಟ್ಟನ್ನು ಮ್ಯಾಗ್ನೆಟ್ಟಿನಿಂದ ಎತ್ತಿ, ಶಿಮ್ ತೆಗೆದು ಮೈಕ್ರೋಮೀಟರಿನಿಂದ ದಪ್ಪ ಅಳೆಯಿರಿ. ಮೇಲೆ 180 ಎಂದು ಬರೆದಿದ್ದರೆ 1.80 ಮಿ.ಮೀ. ಎಂದರ್ಥ, ಆದರೂ ಅಳೆದೇ ನಂಬಿ. ಲೆಕ್ಕ ಸುಲಭ: ಹಳೆಯ ಶಿಮ್ಮಿನ ದಪ್ಪಕ್ಕೆ ಈಗಿನ ಗ್ಯಾಪ್ ಕೂಡಿಸಿ, ಬೇಕಾದ ಗ್ಯಾಪ್ ಕಳೆಯಿರಿ. ಶಿಮ್ 1.80, ಈಗಿನ ಗ್ಯಾಪ್ 0.10, ಬೇಕಾದದ್ದು 0.16 ಅಂದುಕೊಳ್ಳಿ. 1.80 ಕೂಡಿಸು 0.10, ಕಳೆ 0.16, ಬಂದದ್ದು 1.74. ಶಿಮ್‌ಗಳು ಹೆಚ್ಚಾಗಿ 0.05 ಅಥವಾ 0.025 ಮಿ.ಮೀ. ಅಂತರದಲ್ಲಿ ಸಿಗುತ್ತವೆ. ಹತ್ತಿರದ್ದು 1.75. ಅದನ್ನು ಹಾಕಿದರೆ ಗ್ಯಾಪ್ 0.15 ಆಗುತ್ತದೆ, ಮಿತಿಯೊಳಗಿದ್ದರೆ ಸಾಕು. ಆಯ್ಕೆ ಇದ್ದಾಗ ನಾನು ಸ್ವಲ್ಪ ಸಡಿಲದ ಕಡೆಗೇ ಒಲಿಯುತ್ತೇನೆ, ಮುಂದೆ ಹೇಗೂ ಬಿಗಿಯಾಗುತ್ತದೆ. ಯಾವ ಬ್ಲೇಡೂ ಹೋಗದಷ್ಟು ಬಿಗಿ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಮೊದಲು ಒಂದು ತೆಳು ಶಿಮ್ ಹಾಕಿ ಕ್ಯಾಮ್ ಕೂರಿಸಿ ಅಳೆಯಿರಿ, ಆಮೇಲೆ ಲೆಕ್ಕ.

ವಾಪಸ್ ಜೋಡಿಸಿದ ಮೇಲೆ ಸೆಲ್ಫ್ ಒತ್ತುವ ಮೊದಲು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಿ. ಟೈಮಿಂಗ್ ಒಂದು ಹಲ್ಲು ತಪ್ಪಿದ್ದರೂ ವಾಲ್ವ್ ಬಾಗಬಹುದು.

ರೇಸ್ ಬೈಕುಗಳ ಟೈಟಾನಿಯಂ ವಾಲ್ವಿನ ಗ್ಯಾಪ್ ಒಂದು ಸಲ ಬೇಗ ಬೇಗ ಕಡಿಮೆಯಾಗಲು ಶುರುವಾದರೆ ಮೇಲಿನ ಗಟ್ಟಿ ಲೇಪ ಹೋಯಿತು ಅಂತಲೇ ಲೆಕ್ಕ. ಅದಕ್ಕೆ ಮತ್ತೆ ಮತ್ತೆ ತೆಳು ಶಿಮ್ ಹಾಕುತ್ತಾ ಹೋಗಬೇಡಿ, ವಾಲ್ವನ್ನೇ ಬದಲಿಸಿ.

ಮುಚ್ಚುವುದು, ಸ್ಟಾರ್ಟ್ ಮಾಡುವುದು

ಒಳಗೆ ಬಟ್ಟೆ, ನಟ್ಟು, ಬ್ಲೇಡು ಯಾವುದೂ ಉಳಿದಿಲ್ಲ ಎಂದು ಟಾರ್ಚು ಹಾಕಿ ನೋಡಿ. ತಂದಿಟ್ಟ ಓ-ರಿಂಗಿಗೆ ಆಯಿಲ್ ಸವರಿ ಕವರ್ ಹಾಕಿ. ಪ್ಲಗ್ಗನ್ನು ಮೊದಲು ಕೈಯಲ್ಲೇ ಕೆಲವು ಸುತ್ತು ತಿರುಗಿಸಿ, ಆಮೇಲೆ ಸ್ಪ್ಯಾನರ್. ಕ್ರ್ಯಾಂಕ್ ಮೇಲಿನ ಸಾಕೆಟ್ ತೆಗೆದಿದ್ದೀರಾ? ಒಮ್ಮೆ ನಾನು ತೆಗೆದಿರಲಿಲ್ಲ.

ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಡಿ. ಸಣ್ಣಗೆ, ಒಂದೇ ಲಯದ ಟಿಕ್ ಟಿಕ್ ಇದ್ದರೆ ಅದು ಸಹಜ. ಒಂದು ವಾಲ್ವಿನದು ಮಾತ್ರ ಬೇರೆಯಾಗಿ ಜೋರಾಗಿ ಕೇಳಿದರೆ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಅದರ ಲಾಕ್ ನಟ್ ನೋಡಿ. ಗ್ಯಾಪ್ ಬದಲಾದರೆ ಐಡ್ಲಿಂಗ್ ಕೂಡ ಬದಲಾಗುತ್ತದೆ, ಕಾರ್ಬ್ಯುರೇಟರ್ ಬೈಕಾದರೆ ಬಿಸಿಯಾದ ಮೇಲೆ ಐಡ್ಲಿಂಗ್ ಸ್ಕ್ರೂ ಸರಿಮಾಡಿ. ಬಿಗಿಯಾಗಿದ್ದ ವಾಲ್ವ್ ಸರಿಪಡಿಸಿದ ಮೇಲೂ ಕಂಪ್ರೆಷನ್ ಬರದಿದ್ದರೆ ಅಂಚು ಆಗಲೇ ಸುಟ್ಟಿರಬಹುದು. ಕಂಪ್ರೆಷನ್ ಟೆಸ್ಟ್ ಮಾಡಿಸಿ.

ಕೈ ತೊಳೆಯುವ ಮೊದಲು ನೋಟ್‌ಬುಕ್ ತೆಗೆಯಿರಿ. ದಿನ, ಓಡೋಮೀಟರ್, ಪ್ರತಿ ವಾಲ್ವಿನ ಮೊದಲಿನ ಗ್ಯಾಪ್, ಈಗಿನ ಗ್ಯಾಪ್. ನನ್ನ ಈಗಿನ ಬೈಕಿನ ಪುಟದಲ್ಲಿ ಎಕ್ಸಾಸ್ಟ್ ಪ್ರತಿ ಸಲ ಚೂರು ಚೂರೇ ಬಿಗಿಯಾಗುತ್ತಾ ಬಂದಿದೆ, ಇನ್‌ಟೇಕ್ ಇದ್ದ ಹಾಗೇ ಇದೆ. ಸದ್ದು ಕೇಳಿದರೆ ಮಾತ್ರ ಮೊದಲ ದಿನದ ಹಾಗೇ ಇದೆ.